ಶಬ್ದ ಎತ್ತಲಿಂದ ಬಂತು? ಮೈಕ್ ಜೋಡಣೆ ಆರಿಸುವವರಿಗೆ ಒಂದು ಹೋಲಿಕೆ

ಪಾಂಡವಪುರದ ಹತ್ತಿರ ನಮ್ಮ ಸೋದರಮಾವನ ಜಮೀನಿದೆ. ಒಂದು ಬದಿಗೆ ಕಬ್ಬು, ಇನ್ನೊಂದು ಬದಿಗೆ ತರಕಾರಿ. ಹೋದ ವರ್ಷ ಟೊಮೆಟೊ ಸಸಿ ನೆಟ್ಟು ಹದಿನೈದು ದಿನ ಆಗಿತ್ತಷ್ಟೆ, ನವಿಲುಗಳು ಸಾಲಿಗೆ ಸಾಲೇ ಕುಕ್ಕಿ ಹಾಕಿದವು. ನವಿಲನ್ನು ಮುಟ್ಟುವ ಹಾಗಿಲ್ಲ, ಮಾವನಿಗೆ ಮುಟ್ಟುವ ಮನಸ್ಸೂ ಇಲ್ಲ. ಬೆಳಗಿನ ಜಾವ ಅವು ಎಲ್ಲಿ ಕೂತು ಕೂಗುತ್ತವೆ, ಯಾವ ಬದಿಯಿಂದ ಹೊಲಕ್ಕೆ ಇಳಿಯುತ್ತವೆ ಅಂತ ಗೊತ್ತಾದರೆ ಆ ಬದಿಗೆ ಮಾತ್ರ ಬಲೆ ಕಟ್ಟಬಹುದು ಎನ್ನುವುದು ಅವರ ಲೆಕ್ಕ. ಸುತ್ತ ಕಟ್ಟುವಷ್ಟು ಬಲೆಗೆ ದುಡ್ಡು ಹೊಂದಿಸುವುದು ಕಷ್ಟ.

"ಮೈಕ್ ಇಟ್ಟು ನೋಡ್ತೀನಿ ಮಾವ" ಅಂದೆ.

"ಎತ್ಲಾಗಿಂದ ಕೂಗ್ತದೆ ಅಂತ ತಿಳಿಯಕ್ಕೆ ಕಿವಿ ಸಾಲ್ದಾ ಅಳಿಯ?" ಅಂದರು.

ಅವರ ಮಾತಿನಲ್ಲಿ ಹುರುಳಿದೆ. ನಮ್ಮ ತಲೆಯ ಎರಡು ಬದಿಯ ಕಿವಿಗಳು ಬಹಳ ಒಳ್ಳೆಯ ಮೈಕ್ ಜೋಡಣೆ. ಬಲಗಡೆಯಿಂದ ಬಂದ ಶಬ್ದ ಎಡಗಿವಿಗೆ ತಲುಪಲು ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್ ತಡವಾಗುತ್ತದೆ. ಈ ತಡವನ್ನೂ, ತಲೆ ಅಡ್ಡ ಬಂದು ಶಬ್ದ ಕುಗ್ಗುವುದನ್ನೂ ಸೇರಿಸಿ ಮಿದುಳು ದಿಕ್ಕು ಹಿಡಿಯುತ್ತದೆ ಎಂದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲೇ ವಿವರಿಸಿದ್ದರು. ನೇರ ಎದುರಿನ ಶಬ್ದವಾದರೆ ಒಂದೆರಡು ಡಿಗ್ರಿಯ ವ್ಯತ್ಯಾಸವೂ ನಮಗೆ ತಿಳಿಯುತ್ತದೆ. ಮುಂದೆಯೋ ಹಿಂದೆಯೋ ಎಂಬ ಅನುಮಾನ ಬಂದರೆ ಕತ್ತು ತಿರುಗಿಸುತ್ತೇವೆ. ಆದರೆ ತಿಂಗಳುಗಟ್ಟಲೆ ದಿನಾ ನಾಲ್ಕೂವರೆಗೆ ಎದ್ದು ಕೂತು, ಪ್ರತಿ ಕೂಗಿನ ದಿಕ್ಕು ಬರೆದಿಡಲು ಯಾರಿಂದ ಆದೀತು? ಮೈಕ್ ಬೇಕಾಗುವುದು ಅಲ್ಲಿ.

ಮೈಸೂರು, ಮಂಡ್ಯದ ಕಾಲೇಜು ಹುಡುಗರು ಪ್ರಾಜೆಕ್ಟ್ ಕಾಲದಲ್ಲಿ ನಮ್ಮ ಮನೆಗೆ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು "ಸರ್, ಎಷ್ಟು ಮೈಕ್ ತಗೋಬೇಕು?" ಅಂತ. ನಾನು ಅವರನ್ನು ಕೇಳುವುದು ಬೇರೆ ಎರಡು ಪ್ರಶ್ನೆ: ಮೈಕಿನಿಂದ ಮೈಕಿಗೆ ಎಷ್ಟು ದೂರ ಇಡುತ್ತೀರಿ? ಎಲ್ಲ ಮೈಕಿಗೂ ಗಡಿಯಾರ (ಶಬ್ದವನ್ನು ಯಾವ ಗಳಿಗೆಗೆ ಅಳೆಯಬೇಕೆಂದು ತಾಳ ಹಾಕುವ ಕ್ಲಾಕ್) ಒಂದೇನಾ? ಈ ಎರಡಕ್ಕೆ ಸರಿಯಾದ ಉತ್ತರ ಇದ್ದರೆ ನಾಲ್ಕು ಮೈಕಿನಲ್ಲಿ ಆಗುವ ಕೆಲಸ, ಉತ್ತರ ಇಲ್ಲದಿದ್ದರೆ ಹದಿನಾರರಲ್ಲೂ ಆಗುವುದಿಲ್ಲ. ಯಾವುದನ್ನು ಆರಿಸಬೇಕು ಎಂಬುದನ್ನು ಈ ಎರಡು ಪ್ರಶ್ನೆಗಳ ಕಡೆಯಿಂದಲೇ ಹೇಳುತ್ತೇನೆ.

ದಿಕ್ಕೋ, ಜಾಗವೋ, ಚಿತ್ರವೋ

ಮೊದಲು ನಿಮಗೆ ಬೇಕಾದದ್ದು ಏನು ಎಂದು ತೀರ್ಮಾನಿಸಿ. ಶಬ್ದ ಯಾವ ಕಡೆಯಿಂದ ಬಂತು ಎಂಬ ದಿಕ್ಕು ಸಾಕಾ? ಅದು ಹುಟ್ಟಿದ ಜಾಗವನ್ನು ನಕ್ಷೆಯ ಮೇಲೆ ಗುರುತು ಹಾಕಬೇಕಾ? ಅಥವಾ ಮುಂದಿರುವ ಯಂತ್ರದ ಯಾವ ಭಾಗ ಅರಚುತ್ತಿದೆ ಎಂದು ಫೋಟೋ ಮೇಲೆ ಬಣ್ಣ ಬಳಿದ ಹಾಗೆ ಕಾಣಬೇಕಾ? ಮೂರಕ್ಕೂ ಸಾಮಾನು ಬೇರೆ ಬೇರೆ.

ಅಂಗೈ ಅಗಲದ ಬೋರ್ಡು ಎಷ್ಟೇ ಚೆನ್ನಾಗಿದ್ದರೂ ದೂರ ಎಷ್ಟು ಎಂದು ಹೇಳಲಾರದು. ನೂರು ಮೀಟರ್ ಆಚೆಯ ಶಬ್ದದ ಅಲೆ ಆ ಬೋರ್ಡಿನ ಹತ್ತಿರ ಬರುವ ಹೊತ್ತಿಗೆ ಚಪ್ಪಟೆಯಾಗಿರುತ್ತದೆ. ಅದರ ಬಾಗು ಅಳೆದು ದೂರ ಲೆಕ್ಕ ಹಾಕಲು ಮೈಕುಗಳು ಅಷ್ಟೇ ದೂರ ಹರಡಿರಬೇಕು. ಒಂದೇ ಬೋರ್ಡಿನಲ್ಲಿ ಜಾಗ ಹುಡುಕಲು ಹೊರಟು ಸೆಮಿಸ್ಟರ್ ಕಳೆದವರನ್ನು ಕಂಡಿದ್ದೇನೆ, ಅದಕ್ಕೇ ಇದನ್ನು ಮೊದಲೇ ಹೇಳಿದೆ.

ರೆಡಿ ಬೋರ್ಡು ಮತ್ತು ಕೈಯಾರೆ ಕಟ್ಟಿದ ಶಿಲುಬೆ

ದಿಕ್ಕಿಗೆ ಎರಡು ದಾರಿ. ಒಂದು, ಅಂಗಡಿಯಲ್ಲಿ ಸಿಗುವ ನಾಲ್ಕು ಅಥವಾ ಆರು ಮೈಕಿನ ದುಂಡನೆಯ ಬೋರ್ಡು. ರೀಸ್ಪೀಕರ್ ಹೆಸರಿನವು ನಮ್ಮ ಹುಡುಗರ ಕೈಗೆ ಹೆಚ್ಚು ಬರುತ್ತವೆ. ಇನ್ನೊಂದು, ಐಎನ್‌ಎಂಪಿ441ನಂಥ ಬಿಡಿ ಮೈಕ್ ತಂದು ಪಿವಿಸಿ ಪೈಪಿನ ತುದಿಗಳಿಗೆ ಕಟ್ಟುವುದು. ಮೈಕ್ ಒಂದಕ್ಕೆ ಕೆಲವು ನೂರು ರೂಪಾಯಿ ಆಗುತ್ತದೆ.

ಲೆಕ್ಕ ನೋಡಿ. ಚಿಕ್ಕ ಬೋರ್ಡಿನಲ್ಲಿ ಎದುರುಬದುರು ಮೈಕುಗಳ ನಡುವೆ ಸುಮಾರು 6.5 ಸೆಂಟಿಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಅಂದರೆ ಒಂದು ಮೈಕಿನಿಂದ ಎದುರಿನದಕ್ಕೆ ಹೋಗಲು ಹೆಚ್ಚೆಂದರೆ 190 ಮೈಕ್ರೊಸೆಕೆಂಡ್. ಬೋರ್ಡು ಸೆಕೆಂಡಿಗೆ 16,000 ಸ್ಯಾಂಪಲ್ ತೆಗೆದರೆ, ಅಂದರೆ ಶಬ್ದವನ್ನು ಅಷ್ಟು ಸಲ ಅಳೆದರೆ, ಇದು ಬರೀ ಮೂರು ಸ್ಯಾಂಪಲ್. ಈ ಕಡೆ ಮೂರು, ಆ ಕಡೆ ಮೂರು, ನಡುವೆ ಸೊನ್ನೆ: ಇಡೀ ಅರ್ಧ ವೃತ್ತವನ್ನು ಏಳು ಮೆಟ್ಟಿಲಿನಲ್ಲಿ ಅಳೆದ ಹಾಗೆ. ನೇರ ಎದುರಿನಲ್ಲಿ ಒಂದು ಸ್ಯಾಂಪಲ್ ತಪ್ಪಿದರೂ ದಿಕ್ಕು 19 ಡಿಗ್ರಿ ಸರಿಯುತ್ತದೆ. ಸ್ಯಾಂಪಲ್‌ಗಳ ನಡುವಿನ ಬೆಲೆಯನ್ನು ಲೆಕ್ಕದಿಂದ ತುಂಬಿಕೊಂಡು, ನಾಲ್ಕಾರು ಜೋಡಿಗಳನ್ನು ಒಟ್ಟಿಗೆ ನೋಡಿ ಇದನ್ನು ಬಹಳ ಸುಧಾರಿಸಬಹುದು, ನಿಜ. ಮನೆಯ ಕೋಣೆಯಲ್ಲಿ ಎರಡು ಮೀಟರ್ ದೂರದ ಮಾತಿಗೆ ಅಷ್ಟು ಧಾರಾಳ ಸಾಕು. ಈ ಬೋರ್ಡುಗಳು ಹುಟ್ಟಿದ್ದೂ ಅದಕ್ಕೇ.

ಈಗ ಶಿಲುಬೆ. ಅರ್ಧ ಇಂಚಿನ ಪಿವಿಸಿ ಪೈಪ್, ತುದಿಯಿಂದ ತುದಿಗೆ 60 ಸೆಂಟಿಮೀಟರ್, ಎರಡು ತುಂಡು ಪ್ಲಸ್ ಆಕಾರದಲ್ಲಿ. ಸೆಕೆಂಡಿಗೆ 48,000 ಸ್ಯಾಂಪಲ್. ಗರಿಷ್ಠ ತಡ 1.75 ಮಿಲಿಸೆಕೆಂಡ್, ಅಂದರೆ 84 ಸ್ಯಾಂಪಲ್. ನೇರ ಎದುರಿನಲ್ಲಿ ಒಂದು ಸ್ಯಾಂಪಲ್ ತಪ್ಪಿದರೆ ಒಂದು ಡಿಗ್ರಿಯೂ ಸರಿಯುವುದಿಲ್ಲ, 0.7 ಅಷ್ಟೆ. ಮೈಕಿನ ಸಂಖ್ಯೆ ಎರಡರಲ್ಲೂ ನಾಲ್ಕೇ. ಬದಲಾದದ್ದು ದೂರ ಮತ್ತು ಸ್ಯಾಂಪಲ್ ವೇಗ.

ಪ್ಲಸ್ ಆಕಾರ ಯಾಕೆ ಅಂದರೆ, ಒಂದೇ ಸಾಲಿನ ಮೈಕುಗಳಿಗೆ ಎರಡು ದೋಷ ಇವೆ. ಸಾಲಿನ ಈಚೆ ಬದಿಯ ಶಬ್ದಕ್ಕೂ ಆಚೆ ಬದಿಯ ಅದೇ ಕೋನದ ಶಬ್ದಕ್ಕೂ ತಡ ಒಂದೇ ಬರುತ್ತದೆ, ಕನ್ನಡಿಯ ಬಿಂಬದ ಹಾಗೆ. ಜೊತೆಗೆ ಸಾಲಿನ ನೇರಕ್ಕೆ ಬಂದ ಶಬ್ದದ ಕೋನ ತೀರಾ ಮಬ್ಬು. 60 ಸೆಂಟಿಮೀಟರ್ ಸಾಲಿನಲ್ಲೇ ತುದಿಯ ಕಡೆ ಒಂದು ಸ್ಯಾಂಪಲ್ ತಪ್ಪಿದರೆ ಸುಮಾರು 9 ಡಿಗ್ರಿ ಹೋಯಿತು. ಪ್ಲಸ್ ಆಕಾರದಲ್ಲಿ ಒಂದು ಕೈ ಮಬ್ಬಾದ ಕಡೆ ಇನ್ನೊಂದು ಕೈ ಚುರುಕಾಗಿರುತ್ತದೆ. ಆದರೂ ನಾಲ್ಕೂ ಒಂದೇ ಸಮತಲದಲ್ಲಿರುವುದರಿಂದ ಮೇಲೆ, ಕೆಳಗೆ ಎಂಬ ಗೊಂದಲ ಉಳಿಯುತ್ತದೆ. ಮರದ ಮೇಲಿನ ಹಕ್ಕಿಯ ಎತ್ತರವೂ ಬೇಕೆಂದರೆ ಒಂದು ಮೈಕನ್ನು ಸಮತಲದಿಂದ ಮೇಲೆತ್ತಿ.

ದೂರ ಹೆಚ್ಚಿಸಿದರೆ ನಷ್ಟ ಇಲ್ಲವೇ? ಇದೆ. ಮೈಕುಗಳ ನಡುವಿನ ದೂರ ಶಬ್ದದ ತರಂಗದ ಅರ್ಧ ಉದ್ದವನ್ನು ಮೀರಿದರೆ, ಒಂದೇ ಸಮನೆ ಗುಂಯ್ ಎನ್ನುವ ಶಬ್ದಕ್ಕೆ ಒಂದಕ್ಕಿಂತ ಹೆಚ್ಚು ದಿಕ್ಕು ಕಾಣಿಸಿಕೊಳ್ಳುತ್ತವೆ. 6.5 ಸೆಂಟಿಮೀಟರ್‌ಗೆ ಈ ಮಿತಿ ಸುಮಾರು 2,600 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನದ ಸ್ವರ), 60 ಸೆಂಟಿಮೀಟರ್‌ಗೆ ಬರೀ 286. ಪಂಪ್‌ಸೆಟ್ಟಿನ ಮೋಟಾರು ಅಥವಾ ಟ್ರಾನ್ಸ್‌ಫಾರ್ಮರಿನ ಗುಂಯ್ ಹುಡುಕುವವರು ಇದನ್ನು ಮರೆಯಬಾರದು. ಚಪ್ಪಾಳೆ, ಪಟಾಕಿ, ಹಕ್ಕಿಯ ಕೂಗು ಹಾಗಲ್ಲ. ಅವುಗಳಲ್ಲಿ ಹಲವು ಸ್ವರ ಒಟ್ಟಿಗೆ ಇರುತ್ತವೆ. ಒಂದು ಸ್ವರ ತೋರಿದ ಸುಳ್ಳು ದಿಕ್ಕನ್ನು ಇನ್ನೊಂದು ಅಳಿಸಿ ಹಾಕುತ್ತದೆ. ನವಿಲಿನ ಕೂಗು ಈ ಲೆಕ್ಕಕ್ಕೆ ಚೆನ್ನಾಗಿ ಒಗ್ಗಿತು.

ಕಟ್ಟುವಾಗ ಕಣ್ಣಿಡಬೇಕಾದ್ದು ಒಂದೆರಡು ಇದೆ. ಐಎನ್‌ಎಂಪಿ441 ಮೈಕಿಗೆ ಶಬ್ದ ಒಳಗೆ ಹೋಗುವ ತೂತು, ಬೆಳ್ಳಿ ಬಣ್ಣದ ಡಬ್ಬಿ ಇರುವ ಕಡೆ ಇಲ್ಲ. ಬೋರ್ಡು ತಿರುಗಿಸಿ ನೋಡಿದರೆ ಸೂಜಿಮೊನೆಯಷ್ಟು ತೂತು ಕಾಣುತ್ತದೆ. ಪೈಪಿಗೆ ಅಂಟಿಸುವಾಗ ಹಾಟ್ ಗ್ಲೂ ಅಲ್ಲಿ ಕೂತರೆ ಆ ಮೈಕ್ ಕಿವುಡಾಯಿತು. ಎರಡು ಮೈಕಿಗೆ ಒಂದೇ ಡೇಟಾ ತಂತಿ ಸಾಕು, ಒಂದರ ಎಡಬಲ (L/R) ಪಿನ್ ನೆಲಕ್ಕೆ (ಗ್ರೌಂಡ್), ಇನ್ನೊಂದರದು 3.3 ವೋಲ್ಟ್‌ಗೆ ಕೊಡಬೇಕು. ಕ್ಲಾಕ್ ತಂತಿಯಲ್ಲಿ 3 ಮೆಗಾಹರ್ಟ್ಸ್ ಮೀರಿದ ಸಂಕೇತ ಓಡುತ್ತದೆ. ತಂತಿ ಉದ್ದವಾದಷ್ಟೂ ಅದು ಕೆಡುತ್ತದೆ. ನಡುವಿನಿಂದ ತುದಿಗೆ 30 ಸೆಂಟಿಮೀಟರ್, ನೆಲದ ತಂತಿಯ ಜೊತೆ ಹೆಣೆದು, ಕ್ಲಾಕ್ ಶುರುವಾಗುವ ಕಡೆ 33 ಓಮಿನ ರೆಸಿಸ್ಟರ್ ಹಾಕಿದ ಮೇಲೆ ನಮ್ಮದು ನೆಟ್ಟಗಾಯಿತು.

ನನ್ನ ತೀರ್ಮಾನ: ಕೋಣೆಯೊಳಗಿನ ಮಾತಿಗೆ ರೆಡಿ ಬೋರ್ಡು ಕೊಳ್ಳಿ, ಸುಮ್ಮನೆ ಸಮಯ ಕಳೆಯಬೇಡಿ. ಬಯಲಿಗೆ ಶಿಲುಬೆ ಕಟ್ಟಿ.

ಗಡಿಯಾರ ಒಂದೇ ಇರಬೇಕು

ಮೊದಲ ಸಲ ನಾನು ಇದಕ್ಕೆ ಕೈಹಾಕಿದ್ದು ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ. ಕೈಯಲ್ಲಿ ನಾಲ್ಕು ಯುಎಸ್‌ಬಿ ಮೈಕ್ ಇದ್ದವು. ಒಂದು ಹಬ್ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಾಲ್ಕು ಮೂಲೆಗೆ ಇಟ್ಟು, ನೀರಿನ ಟ್ಯಾಂಕಿನ ಪಕ್ಕ ನಿಂತು ಚಪ್ಪಾಳೆ ತಟ್ಟಿದೆ. ಎರಡು ಮೈಕುಗಳ ನಡುವೆ ತಡ 11 ಮಿಲಿಸೆಕೆಂಡ್ ಬಂತು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ ಅದೇ ಜಾಗದಲ್ಲಿ ತಟ್ಟಿದೆ, 34 ಬಂತು. ಮೂರನೇ ಸಲ ಇನ್ನೇನೋ. ಮೈಕುಗಳ ನಡುವಿನ ದೂರ ಮೂರೇ ಮೀಟರ್. ಅಷ್ಟು ದೂರಕ್ಕೆ 9 ಮಿಲಿಸೆಕೆಂಡ್ ಮೀರಿ ತಡ ಬರಲು ಸಾಧ್ಯವೇ ಇಲ್ಲ. ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ಕೋಡು ಸರಿಯಾಗಿಯೇ ಇತ್ತು. ಪ್ರತಿ ಯುಎಸ್‌ಬಿ ಮೈಕಿನೊಳಗೆ ತಾಳ ಹಾಕುವ ಅದರದೇ ಹರಳು (ಕ್ರಿಸ್ಟಲ್), ಅದರದೇ ಗಡಿಯಾರ. ರೆಕಾರ್ಡಿಂಗ್ ಶುರುವಾಗುವ ಗಳಿಗೆಯೂ ಪ್ರತಿ ಸಲ ಬೇರೆ.

ಒಂದೇ ಜೋಡಣೆಯ ಮೈಕುಗಳೆಲ್ಲ ಒಂದೇ ಕ್ಲಾಕ್ ತಂತಿಯಿಂದ ನಡೆಯಬೇಕು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನ ಮೊದಲ ಮಾದರಿಯಲ್ಲಿ ಎರಡು ಐ2ಎಸ್ ದಾರಿ (ಡಿಜಿಟಲ್ ಶಬ್ದ ಒಳಗೆ ಬರುವ ದಾರಿ) ಇವೆ, ಒಂದೊಂದಕ್ಕೆ ಎರಡು ಮೈಕ್. ಎರಡನೆಯದಕ್ಕೂ ಮೊದಲನೆಯದರ ಕ್ಲಾಕನ್ನೇ ಕೊಟ್ಟರೆ ನಾಲ್ಕು ಮೈಕ್ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಹಲವು ಮೈಕುಗಳನ್ನು ಕಂಪ್ಯೂಟರಿಗೆ ಸೇರಿಸುವ, ಬಹು ಚಾನೆಲ್ಲಿನ ಒಂದೇ ಆಡಿಯೊ ಇಂಟರ್‌ಫೇಸ್ ಇದ್ದರೆ ಇನ್ನೂ ಸಲೀಸು. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಬೇಕಾದ್ದು ಒಂದೇ ಮಾತು: ಚಾನೆಲ್ಲುಗಳೆಲ್ಲ ಒಂದೇ ಕ್ಲಾಕಿನಲ್ಲಿ ಇವೆಯಾ? ಇಲ್ಲ ಎಂದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಜಾಗ ಬೇಕೆಂದರೆ

ಇಲ್ಲಿಯೂ ಎರಡು ದಾರಿ. ಎರಡು ಶಿಲುಬೆಗಳನ್ನು ಹೊಲದ ಎರಡು ಮೂಲೆಯಲ್ಲಿ ನಿಲ್ಲಿಸಿ, ಎರಡೂ ತೋರಿದ ದಿಕ್ಕುಗಳು ಎಲ್ಲಿ ಕೂಡುತ್ತವೆ ಎಂದು ನೋಡುವುದು ಒಂದು. ಒಂಟಿ ಮೈಕಿನ ರೆಕಾರ್ಡರುಗಳನ್ನು ದೂರ ದೂರ ಚೆದುರಿಸಿ, ಶಬ್ದ ಒಂದೊಂದಕ್ಕೆ ಯಾವ ಗಳಿಗೆಯಲ್ಲಿ ಮುಟ್ಟಿತು ಎಂದು ಹೋಲಿಸುವುದು ಇನ್ನೊಂದು.

ಎರಡನೆಯ ದಾರಿ ಹಳೆಯದು. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಫಿರಂಗಿ ಎಲ್ಲಿದೆ ಎಂದು ಹುಡುಕಲು ಬ್ರಿಟಿಷ್ ಸೇನೆ ಮೈಕುಗಳ ಉದ್ದ ಸಾಲು ಹಾಕಿ, ಶಬ್ದ ತಲುಪಿದ ಸಮಯವನ್ನು ಫಿಲ್ಮಿನ ಮೇಲೆ ಗುರುತಿಸುತ್ತಿತ್ತು. ಅದರ ಹೊಣೆ ಹೊತ್ತವರು ವಿಲಿಯಂ ಲಾರೆನ್ಸ್ ಬ್ರಾಗ್. 1915ರಲ್ಲಿ ಇಪ್ಪತ್ತೈದನೇ ವಯಸ್ಸಿಗೆ ನೊಬೆಲ್ ಬಂದವರು. ಅವರಿಗೆ ಎದುರಾದ ತೊಡಕು, ಗುಂಡು ಗಾಳಿಯನ್ನು ಸೀಳುವ ಚಟಾರ್ ಶಬ್ದ ಮೈಕನ್ನು ತುಂಬಿಕೊಂಡು, ಫಿರಂಗಿಯ ನಿಜವಾದ ಧಡಂ ಅದರಲ್ಲಿ ಕಳೆದುಹೋಗುತ್ತಿದ್ದದ್ದು. ಅವರ ತಂಡದ ಟಕರ್ ಎಂಬಾತ, ಫಿರಂಗಿ ಹಾರಿದಾಗಲೆಲ್ಲ ತಾನು ಮಲಗುವ ಕಡೆ ಗೋಡೆಯ ಕಿಂಡಿಯಿಂದ ತಣ್ಣನೆ ಗಾಳಿ ನುಗ್ಗುವುದನ್ನು ಗಮನಿಸಿದ್ದ. ಡಬ್ಬಿಯ ಬಾಯಿಗೆ ಕಾಯಿಸಿದ ತೆಳು ಪ್ಲಾಟಿನಂ ತಂತಿ ಕಟ್ಟಿದರೆ ಆ ಗಾಳಿಗೆ ತಂತಿ ತಣ್ಣಗಾಗುತ್ತದೆ, ಅದರ ರೋಧ ಬದಲಾಗುತ್ತದೆ. ಚಟಾರ್ ಶಬ್ದಕ್ಕೆ ಆ ತಂತಿ ಮಿಸುಕುವುದಿಲ್ಲ, ಧಡಂ ಶಬ್ದಕ್ಕೆ ಮಾತ್ರ ಓಗೊಡುತ್ತದೆ. 1916ರಲ್ಲಿ ಈ ಮೈಕ್ ಬಂದ ಮೇಲೆ ಕೆಲಸ ಹಿಡಿತಕ್ಕೆ ಬಂತು.

ಶಬ್ದಕ್ಕೆ ತಕ್ಕ ಮೈಕ್ ಇರಬೇಕು ಎಂಬ ಈ ಪಾಠ ಇಂದಿಗೂ ನಮಗೆ ಲಾಗು. ಪಾಂಡವಪುರದ ಬಳಿಯ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯಿಂದ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯವೇ ಎಂಬ ವಿಚಾರ ನಮ್ಮ ಕಡೆ ವರ್ಷಗಳಿಂದ ಮಾತಿನಲ್ಲಿದೆ. ರಾತ್ರಿ ಎಲ್ಲೋ ಸಿಡಿದ ಸದ್ದು ಯಾವ ಗುಡ್ಡದ ಕಡೆಯದು ಎಂದು ತಿಳಿಯುವ ಆಸೆ ಹಲವರಿಗೆ ಇದೆ. ಅಂಥ ಸಿಡಿತದ ಬಲವೆಲ್ಲ ತೀರಾ ಕೆಳಸ್ವರದಲ್ಲಿ ಇರುತ್ತದೆ. ಐಎನ್‌ಎಂಪಿ441 ಸ್ವರಗಳನ್ನು ಸಮನಾಗಿ ಕೇಳಿಸಿಕೊಳ್ಳಲು ಶುರುಮಾಡುವುದೇ 60 ಹರ್ಟ್ಸ್‌ನಿಂದ. ಅದರ ಕೆಳಗೆ ಅದು ಜಾರುತ್ತಾ ಹೋಗುತ್ತದೆ. ನವಿಲಿಗೆ ಒಳ್ಳೆಯ ಮೈಕ್, ಬಂಡೆ ಸಿಡಿತಕ್ಕೆ ಸಾಲದು. ಆ ಕೆಲಸಕ್ಕೆ ಇನ್ನೂ ಕೆಳಕ್ಕೆ ಕೇಳುವ ಮೈಕನ್ನೇ ಹುಡುಕಿ ತನ್ನಿ.

ಚೆದುರಿದ ರೆಕಾರ್ಡರಿನ ಕಷ್ಟವೂ ಗಡಿಯಾರದ್ದೇ. ಎರಡು ರೆಕಾರ್ಡರುಗಳ ಹರಳುಗಳ ನಡುವೆ ಹತ್ತು ಲಕ್ಷಕ್ಕೆ 20 ಭಾಗದ ವ್ಯತ್ಯಾಸ ಇದ್ದರೆ ಗಂಟೆಗೆ 72 ಮಿಲಿಸೆಕೆಂಡ್ ಜಾರುತ್ತದೆ. ಶಬ್ದದ ಲೆಕ್ಕದಲ್ಲಿ ಅದು ಸುಮಾರು 25 ಮೀಟರ್. ಸಂಜೆ ಇಟ್ಟು ಬೆಳಿಗ್ಗೆ ತೆಗೆದರೆ ಇಡೀ ಊರೇ ಸರಿದ ಹಾಗೆ. ಇದಕ್ಕೆ ಜಿಪಿಎಸ್ ಬೇಕು. ಆಡಿಯೊಮಾತ್ ಎಂಬ ಪುಟ್ಟ ರೆಕಾರ್ಡರಿಗೆ ಜಿಪಿಎಸ್ ಜೋಡಿಸಿ ಸಮಯ ಹೊಂದಿಸುವ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಇದೆ. ಹಕ್ಕಿ ಅಧ್ಯಯನದವರಿಗೆ ನಾನು ಹೇಳುವುದು ಅದನ್ನೇ. ಸ್ಟೀರಿಯೊ ರೆಕಾರ್ಡರ್ ಆಗಲೇ ಕೈಯಲ್ಲಿದ್ದರೆ ಇನ್ನೊಂದು ಉಪಾಯ ಇದೆ: ಎಡ ಚಾನೆಲ್ಲಿಗೆ ಮೈಕ್, ಬಲಕ್ಕೆ ಜಿಪಿಎಸ್ ಮಾಡ್ಯೂಲ್ ಸೆಕೆಂಡಿಗೊಮ್ಮೆ ಕೊಡುವ ಮಿಡಿತ, ಅದನ್ನು ರೆಸಿಸ್ಟರಿನಿಂದ ತಗ್ಗಿಸಿ. ಕೂಗಿನ ಪಕ್ಕದಲ್ಲೇ ಸಮಯದ ಗುರುತು ಅಚ್ಚಾಗಿರುತ್ತದೆ. ಅದೂ ಇಲ್ಲವೆಂದರೆ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಗೊತ್ತಿರುವ ಜಾಗದಿಂದ ಜೋರಾಗಿ ಸದ್ದು ಮಾಡಿ ಜಾರಿದ್ದನ್ನು ಸರಿದೂಗಿಸಬಹುದು.

ಗಡಿಯಾರ ಸರಿಹೋದರೂ ಗಾಳಿ ಉಳಿಯುತ್ತದೆ. ಶಬ್ದದ ವೇಗ ಡಿಗ್ರಿಗೆ ಸೆಕೆಂಡಿಗೆ 0.6 ಮೀಟರಿನಂತೆ ಏರುತ್ತದೆ. ಬೆಳಗಿನ 18 ಡಿಗ್ರಿಯಲ್ಲಿ 342, ಮಧ್ಯಾಹ್ನದ 34ರಲ್ಲಿ 352. ಶಿಲುಬೆಯ 60 ಸೆಂಟಿಮೀಟರಿಗೆ ಇದು ಗಣನೆಗೆ ಬರುವುದಿಲ್ಲ, ಅರ್ಧ ಕಿಲೋಮೀಟರಿಗೆ 14 ಮೀಟರಿನ ತಪ್ಪು. ಬೀಸುವ ಗಾಳಿಯ ವೇಗವೂ ಶಬ್ದದ ವೇಗಕ್ಕೆ ಕೂಡುತ್ತದೆ ಅಥವಾ ಕಳೆಯುತ್ತದೆ. ಅದಕ್ಕೇ ದೂರ ಹರಡುವವರು ತಾಪಮಾನ ಬರೆದಿಡಲೇಬೇಕು, ಗೊತ್ತಿರುವ ಶಬ್ದದಿಂದ ಪರೀಕ್ಷೆ ಮಾಡಲೇಬೇಕು. ಮೈಸೂರಿನವರಿಗೆ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಸಿಗುವ ಪರೀಕ್ಷೆ ದಸರೆಯ ಕುಶಾಲತೋಪು. ಆನೆ, ಕುದುರೆಗಳಿಗೆ ಅಭ್ಯಾಸ ಆಗಲೆಂದು ತಾಲೀಮಿನಲ್ಲೂ ಹಾರಿಸುತ್ತಾರೆ. ಜಂಬೂಸವಾರಿಯ ದಿನ 21 ಸುತ್ತು. ಸಿಡಿದ ಜಾಗ ಗೊತ್ತು, ಸದ್ದು ಚೂಪಾಗಿದೆ, ಕಿಲೋಮೀಟರುಗಟ್ಟಲೆ ಕೇಳುತ್ತದೆ. ಎರಡು ಕಿಲೋಮೀಟರ್ ದೂರದ ತಾರಸಿಗೆ ಅದು ಆರು ಸೆಕೆಂಡಿಗೆ ಸ್ವಲ್ಪ ಮೊದಲು ಬಂದು ಮುಟ್ಟುತ್ತದೆ.

ಎರಡು ಶಿಲುಬೆಯ ದಾರಿಗೆ ಇಷ್ಟೆಲ್ಲ ತಾಪತ್ರಯ ಇಲ್ಲ. ಪ್ರತಿ ಶಿಲುಬೆಯೊಳಗೆ ಗಡಿಯಾರ ಒಂದೇ ಇದ್ದರೆ ಸಾಕು. ಎರಡೂ ಒಂದೇ ಕೂಗನ್ನು ಕೇಳಿವೆ ಎಂದು ಹೊಂದಿಸಲು ಅರ್ಧ ಸೆಕೆಂಡಿನ ನಿಖರತೆ ಬೇಕಾದಷ್ಟಾಯಿತು. ದಿಕ್ಕಿನಲ್ಲಿ 3 ಡಿಗ್ರಿ ತಪ್ಪಿದರೆ 150 ಮೀಟರಿನಲ್ಲಿ 8 ಮೀಟರ್ ಸರಿಯುತ್ತದೆ. ಯಾವ ಬೇಲಿ ಎಂದು ಹೇಳಲು ಅಷ್ಟು ಸಾಲದೇ? ಎರಡು ರೇಖೆಗಳು ಲಂಬಕ್ಕೆ ಹತ್ತಿರವಾಗಿ ಕೂಡುವ ಹಾಗೆ ಮೂಲೆಗಳನ್ನು ಆರಿಸಿ. ಎರಡೂ ಶಿಲುಬೆಯನ್ನು ಜೋಡಿಸುವ ಗೆರೆಯ ಮೇಲೆಯೇ ಶಬ್ದ ಇದ್ದರೆ ಜಾಗ ಸಿಗುವುದಿಲ್ಲ. ಒಂದೆರಡು ಎಕರೆಯ ಹೊಲಕ್ಕೆ, ಶಾಲೆಯ ಆವರಣಕ್ಕೆ, ಕೆರೆ ಏರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. ರಂಗನತಿಟ್ಟಿನಂಥ ನದಿ ನಡುವಿನ ತಿಟ್ಟುಗಳಿಗೋ, ಗುಡ್ಡಗಳ ನಡುವಿನ ಸಿಡಿತಕ್ಕೋ ಚೆದುರಿದ ರೆಕಾರ್ಡರುಗಳೇ ಸರಿ.

ಗಿರಣಿಯೊಳಗೆ

ಮಂಡ್ಯದಲ್ಲಿ ಸ್ನೇಹಿತರೊಬ್ಬರು ಅಕ್ಕಿ ಗಿರಣಿ ನಡೆಸುತ್ತಾರೆ. ಶಾಫ್ಟಿನ ಸಾಲಿನಲ್ಲಿ ಯಾವುದೋ ಬೇರಿಂಗ್ ಕಿರುಗುಟ್ಟುತ್ತಿತ್ತು. ಹದಿನಾರು ಮೈಕಿನ ಫಲಕ ತಂದು ಚಿತ್ರ ತೆಗೆಯೋಣವೇ ಎಂದು ಕೇಳಿದರು. ಮಿನಿಡಿಎಸ್‌ಪಿಯ ಯುಎಂಎ-16 ಅಂಥದ್ದು. ನಾಲ್ಕು ಸಾಲು, ನಾಲ್ಕು ಕಂಬ, ಮೈಕುಗಳ ನಡುವೆ 42 ಮಿಲಿಮೀಟರ್. ಮೈಕ್ ಹೆಚ್ಚಿದ್ದರೆ ಗದ್ದಲ ಕುಗ್ಗುತ್ತದೆ, ಲೆಕ್ಕದ ಪ್ರಕಾರ ನಾಲ್ಕಕ್ಕೆ 6 ಡೆಸಿಬೆಲ್, ಹದಿನಾರಕ್ಕೆ 12. ಆದರೆ ಚಿತ್ರ ಎಷ್ಟು ಸ್ಪಷ್ಟ ಎಂಬುದನ್ನು ತೀರ್ಮಾನಿಸುವುದು ಫಲಕದ ಅಗಲ. 3,000 ಹರ್ಟ್ಸ್‌ನಲ್ಲಿ ಇದರ ಕಣ್ಣು ಸುಮಾರು 35 ಡಿಗ್ರಿ ಅಗಲ. ಒಂದು ಮೀಟರ್ ದೂರದಿಂದ ನೋಡಿದರೆ 60 ಸೆಂಟಿಮೀಟರಿನಷ್ಟು ಬಣ್ಣ ಹರಡಿಕೊಳ್ಳುತ್ತದೆ. ಅವರ ಬೇರಿಂಗುಗಳು ಗೇಣು ದೂರಕ್ಕೊಂದು ಇದ್ದವು. 4,000 ಹರ್ಟ್ಸ್ ದಾಟಿದರೆ ಕಣ್ಣು ಕಿರಿದಾಗುತ್ತದೆ, ಆದರೆ ಓರೆಯಾಗಿ ಬಂದ ಶಬ್ದಗಳ ಸುಳ್ಳು ಬಿಂಬಗಳೂ ಶುರುವಾಗುತ್ತವೆ. ತಗಡಿನ ಮಾಡಿನ ಪ್ರತಿಧ್ವನಿ ಬೇರೆ.

"ನಿಮ್ಮ ಹಳೇ ಮೆಕ್ಯಾನಿಕ್‌ನ ಕರೆಸಿ" ಅಂದೆ. ಅವರು ಉದ್ದನೆ ಸ್ಕ್ರೂಡ್ರೈವರಿನ ಮೊನೆಯನ್ನು ಒಂದೊಂದೇ ಬೇರಿಂಗ್ ಮನೆಯ ಮೇಲೆ ಊರಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿ, ಹತ್ತು ನಿಮಿಷದಲ್ಲಿ ಮೂರನೆಯದು ಎಂದರು. ಮುಟ್ಟಿ ನೋಡಬಹುದಾದ ಕಡೆ ಗಾಳಿಯಲ್ಲಿ ಬರುವ ಶಬ್ದದ ಹಿಂದೆ ಹೋಗುವ ಅಗತ್ಯ ಇಲ್ಲ.

ಮುಟ್ಟಲಾಗದ ಕಡೆ ಮಾತ್ರ ಚಿತ್ರದ ಬೆಲೆ ಗೊತ್ತಾಗುತ್ತದೆ. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಮೇಲೆ ಹಾದುಹೋಗುವ ಏರ್ ಪೈಪಿನ ಸೋರಿಕೆ ಅಂಥದ್ದು. ಸಣ್ಣ ತೂತಿನಿಂದ ನುಗ್ಗುವ ಗಾಳಿಯ ಸಿಳ್ಳು ಕಿವಿಗೆ ಕೇಳದ ಎತ್ತರದ ಸ್ವರಗಳಲ್ಲೂ ಬಲವಾಗಿರುತ್ತದೆ. 40 ಕಿಲೋಹರ್ಟ್ಸ್‌ನಲ್ಲಿ ತರಂಗದ ಉದ್ದ ಒಂದು ಸೆಂಟಿಮೀಟರೂ ಇಲ್ಲ, ಹಾಗಾಗಿ ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನವೂ ತೂತನ್ನು ತೋರಿಸುತ್ತದೆ. ಫ್ಲೂಕ್ ಐಐ900ನಲ್ಲಿ 64 ಮೈಕ್ ಇದ್ದು 2ರಿಂದ 52 ಕಿಲೋಹರ್ಟ್ಸ್ ವರೆಗೆ ಕೇಳುತ್ತದೆ. ಇವು ಲಕ್ಷಗಳ ಸಾಮಾನು. ವರ್ಷಕ್ಕೆ ಒಂದೆರಡು ದಿನದ ಕೆಲಸವಾದರೆ ಬಾಡಿಗೆಗೆ ತರಿಸುವುದು ಜಾಣತನ.

ಇನ್ನೆರಡು ಹೆಸರು ಕಿವಿಗೆ ಬೀಳಬಹುದು. ನಾಲ್ಕು ಮೈಕುಗಳನ್ನು ಒಂದೇ ಮುಷ್ಟಿಯಲ್ಲಿ ನಾಲ್ಕು ಕಡೆ ಮುಖ ಮಾಡಿಸಿದ ಆಂಬಿಸಾನಿಕ್ ಮೈಕ್ ಒಂದು. ಜೂಮ್ ಎಚ್3-ವಿಆರ್ ಅಂಥದ್ದು. ಎಲ್ಲ ದಿಕ್ಕಿನ ದನಿ ಹಿಡಿದಿಡಲು ಚೆಂದ, ಒಂದೇ ಶಬ್ದವಾದರೆ ದಿಕ್ಕೂ ಸಿಗುತ್ತದೆ. ಇನ್ನೊಂದು ನೆದರ್ಲೆಂಡ್ಸ್‌ನ ಮೈಕ್ರೊಫ್ಲೌನ್. ಎರಡು ಬಿಸಿ ತಂತಿಗಳಿಂದ ಗಾಳಿಯ ಕಣಗಳ ಓಲಾಟವನ್ನೇ ಅಳೆಯುತ್ತದೆ. ಟಕರ್‌ನ ತಂತಿ ನೆನಪಾಗುವಂಥ ಸಾಧನ. ಹೊಲದ ಕೆಲಸಕ್ಕೆ ಅದು ನಮ್ಮ ಕೈಗೆ ಎಟುಕುವುದಿಲ್ಲ.

ಲೆಕ್ಕ ಮಾಡುವ ದಾರಿ

ಎರಡು ಮೈಕಿನ ನಡುವಿನ ತಡ ಹಿಡಿಯಲು ಜಿಸಿಸಿ-ಫ್ಯಾಟ್ ಸಾಕು. 1976ರಲ್ಲಿ ನ್ಯಾಪ್ ಮತ್ತು ಕಾರ್ಟರ್ ಬರೆದಿಟ್ಟ ಬಗೆ. ಶಬ್ದದ ಗಟ್ಟಿತನವನ್ನು ಬಿಟ್ಟು ಹಂತವನ್ನು (ಅಲೆ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದನ್ನು) ಮಾತ್ರ ಹೋಲಿಸುತ್ತದೆ, ಪೈಥಾನ್ ಭಾಷೆಯಲ್ಲಿ ಹತ್ತು ಸಾಲಿನ ಕೋಡು. ಎಲ್ಲ ಜೋಡಿಗಳನ್ನೂ ಕೂಡಿಸಿ ಪ್ರತಿ ದಿಕ್ಕನ್ನೂ ಪರೀಕ್ಷಿಸುವ ಎಸ್‌ಆರ್‌ಪಿ-ಫ್ಯಾಟ್ ಪ್ರತಿಧ್ವನಿ ಇರುವ ಕಡೆ ಹೆಚ್ಚು ಗಟ್ಟಿ. ಹತ್ತಿರ ಹತ್ತಿರದ ಎರಡು ಶಬ್ದಗಳನ್ನು ಬೇರೆ ಮಾಡಲು ಮ್ಯೂಸಿಕ್ ಎಂಬ ವಿಧಾನ ಇದೆ, ಆದರೆ ಎಷ್ಟು ಶಬ್ದ ಇವೆ ಎಂದು ಅದಕ್ಕೆ ಮೊದಲೇ ಹೇಳಬೇಕು. ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಅದನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಪೈರೂಮ್‌ಅಕೌಸ್ಟಿಕ್ಸ್ ಎಂಬ ತಂತ್ರಾಂಶದಲ್ಲಿ ಎಸ್‌ಆರ್‌ಪಿ, ಮ್ಯೂಸಿಕ್ ಎರಡೂ ಸಿದ್ಧವಾಗಿವೆ. ಚಿತ್ರ ತೆಗೆಯುವವರಿಗೆ ಅಕುಲಾರ್, ಓಡಾಡುವ ದನಿಯನ್ನು ಆಗಿಂದಾಗ್ಗೆ ಹಿಂಬಾಲಿಸಲು ಓಡಾಸ್. ಎಲ್ಲವೂ ಉಚಿತ. ನಾನು ಹೊಲದಲ್ಲಿ ಬಳಸಿದ್ದು ಎಸ್‌ಆರ್‌ಪಿ-ಫ್ಯಾಟ್.

ಬಯಲಿಗೆ ಇಳಿದರೆ ಬೇರೆ ವಿಷಯಗಳೂ ಬರುತ್ತವೆ. ಬೆಳೆದು ನಿಂತ ಕಬ್ಬಿನ ಒಳಗೆ ಮೈಕ್ ಇಟ್ಟರೆ ಎಲೆಗಳ ಸರಸರ ಒಂದು ಕಡೆ, ಮೇಲಿನ ಸ್ವರಗಳೆಲ್ಲ ಗರಿಗಳಲ್ಲಿ ಇಂಗಿಹೋಗುವುದು ಇನ್ನೊಂದು ಕಡೆ. ಸೂಲಂಗಿಗಿಂತ ಎತ್ತರಕ್ಕೆ ಏರಿಸಬೇಕು. ಪ್ರತಿ ಮೈಕಿಗೆ ಸ್ಪಂಜಿನ ಟೋಪಿ ಬೇಕೇ ಬೇಕು, ಇಲ್ಲದಿದ್ದರೆ ಆಷಾಢದ ಗಾಳಿಯಲ್ಲಿ ಬೇರೇನೂ ಕೇಳದು. ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲೆ ಬೆಚ್ಚಗಿರುವಾಗ ಶಬ್ದ ಕೆಳಕ್ಕೆ ಬಾಗಿ ದೂರ ಹೋಗುತ್ತದೆ. ಹಗಲಿನಲ್ಲಿ ಕೇಳದ ಪಾಂಡವಪುರ ಸ್ಟೇಷನ್ನಿನ ರೈಲಿನ ಶಿಳ್ಳೆ ಆಗ ಪಕ್ಕದಲ್ಲೇ ಕೂಗಿದ ಹಾಗಿರುತ್ತದೆ. ಅಂಥ ದೂರದ ಶಬ್ದಗಳನ್ನು ನಿಮ್ಮ ಹೊಲದ ಲೆಕ್ಕಕ್ಕೆ ಸೇರಿಸಬೇಡಿ.

ಮೈಕ್ ಇಟ್ಟ ಕಡೆ ಜನರ ಮಾತೂ ದಾಖಲಾಗುತ್ತದೆ. ಬದುವಿನ ಮೇಲೆ ಕೂತು ಹೆಂಗಸರು ಮನೆ ಕಷ್ಟ ಹಂಚಿಕೊಳ್ಳುವ ಜಾಗ ಅದು. ನಮ್ಮ ಶಿಲುಬೆಯೊಳಗೇ ದಿಕ್ಕನ್ನು ಲೆಕ್ಕ ಹಾಕಿ ಕೋನ ಮತ್ತು ಸಮಯ ಮಾತ್ರ ಉಳಿಸಿಕೊಂಡು ದನಿಯನ್ನು ಅಳಿಸಿದೆವು, ಪಕ್ಕದ ಹೊಲದವರಿಗೂ ಹೋಗಿ ಹೇಳಿ ಬಂದೆವು.

ಎರಡು ಶಿಲುಬೆಗಳನ್ನು ಬೋರ್‌ವೆಲ್ ಮನೆಯ ಮೂಲೆಗೊಂದು, ತೆಂಗಿನ ಸಾಲಿನ ತುದಿಗೊಂದು ನಿಲ್ಲಿಸಿದೆವು. ಮೊದಲ ದಿನ ಕತ್ತಲಾಗುವ ಮುಂಚೆ ಮಾವ ಸ್ಟೀಲ್ ತಟ್ಟೆ ಹಿಡಿದು ಬೇಲಿಯ ಸುತ್ತ ನಡೆದರು, ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಒಂದು ಏಟು. ತೆರೆಯ ಮೇಲಿನ ಚುಕ್ಕೆಗಳು ಬೇಲಿಯ ಆಕಾರದಲ್ಲೇ ಬಂದವು, ಒಂದು ಮೂಲೆಯಲ್ಲಿ ಮಾತ್ರ ಬೋರ್‌ವೆಲ್ ಮನೆಯ ಗೋಡೆಯ ಪ್ರತಿಧ್ವನಿಗೆ ಆಚೆ ಸರಿದಿದ್ದವು. ಆ ಶಿಲುಬೆಯನ್ನು ಗೋಡೆಯಿಂದ ಐದಾರು ಮೀಟರ್ ಈಚೆಗೆ ತಂದ ಮೇಲೆ ಅದೂ ಸರಿಯಾಯಿತು. ಹನ್ನೆರಡು ದಿನದ ಕೂಗುಗಳನ್ನು ನಕ್ಷೆಗೆ ಹಾಕಿದಾಗ ಹೆಚ್ಚಿನ ಚುಕ್ಕೆಗಳು ಜಮೀನಿನ ಆಚೆ, ನಾಲೆಯ ಗುಂಟ ಒಂದೇ ಕಡೆ ಗುಂಪಾಗಿದ್ದವು. ಮಾವ ಬೆರಳಿಟ್ಟು ನೋಡಿದರು.

"ನಾಲೆ ದಂಡೆ ಹೊಂಗೆಮರ ಕಣ್ಲಾ ಅದು. ನಾನು ಇಷ್ಟು ದಿನ ಕಬ್ಬಿನ ಕಡೆಯಿಂದ ಬತ್ತವೆ ಅಂದ್ಕೊಂಡಿದ್ದೆ."

ಬಲೆಯನ್ನು ನಾಲೆಯ ಬದಿಗೆ ಕಟ್ಟಿದರು. ಕಬ್ಬಿನ ಬದಿಗೆ ತಂದಿಟ್ಟಿದ್ದ ಗೂಟಗಳು ಈಗ ಹೀರೆಕಾಯಿ ಚಪ್ಪರಕ್ಕೆ ಹೋಗಿವೆ.